ಬೇಲಿಯ ಹೆಲ್ಮೆಟ್ಟಿಗೆ ಹಾರ ಹಾಕಬೇಡಿ

ಇಸವಿ ೨೩೧೪, ಎರಡನೇ ಜ್ಯೇಷ್ಠದ ಮೂವತ್ತಮೂರನೇ ದಿನ

ಬಡಿಗೇರ ಟೀಚರ್ ಅವರಿಗೆ, ನಿಮ್ಮದೇ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಕಲಿಸುವ ದಾನಮ್ಮನ ನಮಸ್ಕಾರ. ಮುನ್ನೂರು ವರ್ಷಗಳಲ್ಲಿ ಮಾತು, ತಿಂಗಳ ಲೆಕ್ಕ ಎರಡೂ ಬಹಳ ಬದಲಾಗಿವೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಿನ್ನೆ ಹಳೆಯ ಕೋಣೆಯ ಗೋಡೆ ಬಿದ್ದು ನಿಮ್ಮ ದಿನಚರಿ ಸಿಕ್ಕಿತು. ಅದರಲ್ಲಿ ಓದಿದ್ದು ಇಷ್ಟು: ಒಂಬತ್ತನೇ ತರಗತಿಯ ಸಹನಾ ಸೆಕೆಯೆಂದು ಹೆಲ್ಮೆಟ್ ಕಳಚಿಟ್ಟು ಮೂರನೇ ಬೇಸಿನಿಂದ, ಓಟ ಮುಗಿಯುವ ಹೋಮ್ ಪ್ಲೇಟಿನ ಕಡೆಗೆ ಓಡಿದಳು. ಎಸೆದ ಚೆಂಡು ತಲೆಗೆ ಬಡಿದು, ಮೂರನೇ ದಿನ ಹೋಗಿಬಿಟ್ಟಳು. ನಾಳೆ ಅವಳ ಹೆಲ್ಮೆಟ್ಟನ್ನು ಬೇಲಿಗೆ ತೂಗುಹಾಕಿ ಹಾರ ಹಾಕುತ್ತೇನೆ, ಕೆಳಗೆ ನಿಯಮ ಬರೆದ ತಗಡಿನ ಹಲಗೆ ಹಾಕಿಸುತ್ತೇನೆ ಎಂದು ಬರೆದಿದ್ದೀರಿ: ಓಡುವವರು ಹೆಲ್ಮೆಟ್ ತೆಗೆಯಬಾರದು, ಪ್ಲೇಟ್ ಮುಟ್ಟುವಾಗ ಕಾಲು ಮುಂದೆ ಮಾಡಿ ಜಾರಬೇಕು, ಅಲ್ಲಿ ಚೆಂಡು ಹಿಡಿಯುವ ಕ್ಯಾಚರ್ ಅಡ್ಡ ನಿಂತಿದ್ದರೆ ಗುದ್ದದೆ ಪಕ್ಕಕ್ಕೆ ಸರಿಯಬೇಕು.

ಹಲಗೆ ತುಕ್ಕು ಹಿಡಿದು ಉದುರಿತು ಟೀಚರ್, ಹಾರ ಉಳಿಯಿತು. ಆ ಹೆಲ್ಮೆಟ್ಟನ್ನು ನಾವು ತಲೆಯವ್ವ ಎನ್ನುತ್ತೇವೆ. ಪಂದ್ಯಕ್ಕೆ ಮೊದಲು ಕುಂಕುಮ ಹಚ್ಚುತ್ತೇವೆ. ಅವ್ವನೆದುರು ತಲೆ ಮುಚ್ಚುವುದು ಅಪಚಾರವೆಂದು ಹುಡುಗಿಯರೆಲ್ಲ ಬರಿತಲೆಯಲ್ಲಿ ಓಡುತ್ತಾರೆ. ಮೂರನೇ ಬೇಸಿನಿಂದ ಹೋಮ್ ಪ್ಲೇಟಿಗೆ ಎಳೆದ ಸುಣ್ಣದ ಗೆರೆಯನ್ನು ಯಾರೂ ತುಳಿಯುವುದಿಲ್ಲ. ಅದು ಬಿಡುಗೆರೆ, ಅವ್ವನಿಗೆಂದು ಬಿಟ್ಟದ್ದು. ಆದರೂ ಬೆಳಗಾಗುವಷ್ಟರಲ್ಲಿ ಅದು ಉದ್ದಕ್ಕೂ ಅಳಿಸಿರುತ್ತದೆ. ಇವತ್ತು ಬೆಳಿಗ್ಗೆಯೂ ಕಣ್ಣಾರೆ ಕಂಡೆ. ಹೆದರಿಕೆಯಾಗಲಿಲ್ಲ, ಸಂಕಟವಾಯಿತು. ನಿಮ್ಮ ಸಹನಾ, ಆ ಮಗು, ಇನ್ನೂ ಓಡುತ್ತಲೇ ಇದೆ.

ನನ್ನ ಕಾಲದಲ್ಲೇ ಇಬ್ಬರು ಹುಡುಗಿಯರು ಹೀಗೇ ಚೆಂಡು ಬಡಿದು ಸತ್ತರು. ಅವ್ವ ಕರೆದುಕೊಂಡಳೆಂದು ಊರು ಕೈಮುಗಿಯಿತು. ನಾನೂ ಕೈಮುಗಿದೆ, ಮೂರ್ಖಳು. ನಿನ್ನೆ ಹಿರಿಯರ ಹತ್ತಿರ ಹೋಗಿ, ಅಂಥವೇ ಹೆಲ್ಮೆಟ್ ಮಾಡಿಸಿ ಮಕ್ಕಳಿಗೆ ಹಾಕೋಣ ಎಂದೆ. "ಅವ್ವನ್ನ ತಲಿಗೆ ಹಾಕ್ಕೊಂಡು ಓಡ್ತಾರೇನ? ನಿನಗೆ ತಲಿ ಕೆಟ್ಟೈತೇನ?" ಎಂದು ಬಾಗಿಲು ಹಾಕಿಕೊಂಡರು.

ನಾಳೆ ಪಂದ್ಯ. ಮೂರನೇ ಬೇಸಿನಿಂದ ಓಡುವವಳು ನನ್ನ ಮಗಳು ಮಂದಾರ. ಬೇಡವೆಂದು ಕಾಲು ಹಿಡಿಯುವುದೊಂದು ಬಾಕಿ. "ಅವ್ವ ಕಾಯ್ತಾಳ, ಬಿಡಬೇ" ಎಂದು ನಕ್ಕುಬಿಟ್ಟಳು.

ಆದ್ದರಿಂದ, ಈ ಕಾಗದ ನಿಮ್ಮ ಕಾಲಕ್ಕೆ ತಲುಪುವುದೋ ಇಲ್ಲವೋ ತಿಳಿಯದೆಯೂ, ನಿಮ್ಮನ್ನು ಬೇಡುತ್ತೇನೆ. ಎಷ್ಟು ಬೇಕೋ ಅಷ್ಟು ಅತ್ತುಬಿಡಿ, ಹಾರ ಮಾತ್ರ ಹಾಕಬೇಡಿ. ಒಳಗಿನ ಬೆವರು ಒರೆಸಿ, ಸಹನಾಳ ಹೆಲ್ಮೆಟ್ಟನ್ನು ಮುಂದೆ ಓಡುವ ಹುಡುಗಿಯ ತಲೆಗೆ ಹಾಕಿ, ಗದ್ದದ ಪಟ್ಟಿ ಬಿಗಿಯಿರಿ. ಅದು ಸವೆಯಲಿ, ಸೀಳಲಿ, ಕೊನೆಗೆ ಕಸಕ್ಕೆ ಹೋಗಲಿ. ಆಮೇಲೆ ಇನ್ನೊಂದು ತರಿಸಿ.

ಮಂದಾರಳ ತಾಯಿ,
ದಾನಮ್ಮ