ಹಲ್ಲಿನ ಕುಳಿಗೆ ಭಂಡಾರ

ರನ್ನ ಬೆಳಗಲಿ
೧೯ ಫೆಬ್ರವರಿ ೨೦೦೪

ಗಲಗಲಿಯ ಗೆಳೆಯ ಪಾಂಡಪ್ಪನಿಗೆ ಗಿರಿಮಲ್ಲಪ್ಪನ ನಮಸ್ಕಾರ.

ನನ್ನ ದವಡೆಯೊಂದನ್ನು ಬಿಟ್ಟು ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸು. ಪೆನ್ನು ಹಿಡಿದಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು. ಇವತ್ತೂ ಅದೇ ಬರುತ್ತದೆ, ಓದು.

ಬುದ್ಧಿಹಲ್ಲು ಕೀಳಿಸಿದ ದಿನ ಜಮಖಂಡಿಯ ಡಾಕ್ಟರಮ್ಮ ನನ್ನ ಹೆಂಡತಿ ಹೊಳೆವ್ವನಿಗೆ ಒಂದೊಂದನ್ನೂ ಬಿಡಿಸಿ ಹೇಳಿದ್ದಳು: "ಇವತ್ತ ಗಲ್ಲಕ್ಕ ಹೊರಗಿಂದ ಬರ್ಫ ಹಿಡೀರಿ. ಅರಿವ್ಯಾಗ ಸುತ್ತಿ ಕಾಲು ತಾಸು ಇಡ್ರಿ, ಕಾಲು ತಾಸು ಬಿಡ್ರಿ. ಕುಳಿಯೊಳಗ ರಕ್ತ ಹೆಪ್ಪಗಟ್ಟಿರತೈತಿ, ಅದಕ್ಕ ಬೆರಳ ಹಚ್ಚಬ್ಯಾಡ್ರಿ. ನಾಳಿಂದ ಉಗುರುಬೆಚ್ಚಗಿನ ಉಪ್ಪುನೀರು."

ಹೊಳೆವ್ವ ಮಹಾಲಿಂಗಪುರ ಬಸ್‌ಸ್ಟ್ಯಾಂಡಿನಲ್ಲಿ ಬರ್ಫ ಕೊಂಡು, ಹೊಟ್ಟು ತುಂಬಿದ ಡಬ್ಬಿಯಲ್ಲಿಟ್ಟು ಮನೆತನಕ ತಂದಳು. ಎರಡು ದಿಂಬು ಕೊಟ್ಟು ಮಲಗಿಸಿದಳು, ತಣ್ಣನೆಯ ಅಂಬಲಿ ಕುಡಿಸಿದಳು. ಮೂರು ದಿನಕ್ಕೆ ಬಾವು ಇಳಿಯಬೇಕಿತ್ತು. ರಬಕವಿಯಲ್ಲಿ ನಮ್ಮ ಮೇಳದ ಡೊಳ್ಳಿನ ಹಾಡಿಕೆಗೆ ಇನ್ನೂ ಎಂಟು ದಿನವಿತ್ತು. ಹಾಡಿಯೇ ಹಾಡುತ್ತೇನೆ ಎಂದುಕೊಂಡಿದ್ದೆ.

ಮರುದಿನ ನೀನು ಬಂದೆ. "ಬಾಯಿ ತಗಿಯಲೇ. ಬೀರಪ್ಪನ ಭಂಡಾರ ಐತಿ, ಆ ಡಾಕ್ಟರಗ ಏನ ತಿಳೀತೈತಿ" ಎಂದೆ. ಡೊಳ್ಳು ಬಾರಿಸುವ ಮುಂಚೆ ನನ್ನ ನಾಲಿಗೆಗೆ ದೇವರ ಅರಿಷಿಣದ ಚಿಟಿಕೆ ಭಂಡಾರ ಹಾಕುವವನು ನೀನೇ ಅಲ್ಲವೇ? ಆ ರೂಢಿಗೆ ಬಾಯಿ ತೆರೆದೆ, ಕತ್ತೆ ನಾನು. ನೀನು ನಾಲಿಗೆ ಬಿಟ್ಟು ಸೀದಾ ಕುಳಿಗೇ ತುರುಕಿದೆ, ಅದೂ ಹೊಲದ ಮಣ್ಣಿನ ಬೆರಳಿನಲ್ಲಿ! ಹೊಳೆವ್ವ ಒಳಗಿನಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರನೆಯ ದಿನ ಗಲ್ಲ ಬೆಲ್ಲದ ಪೆಂಟೆಯಂತೆ ಊದಿತು. ಕಿವಿಯವರೆಗೆ ಸೆಳೆತ, ಜ್ವರ. ಬಾಯೊಳಗೆ ಚಮಚೆಯೂ ಹೋಗಲೊಲ್ಲದು. ಡಾಕ್ಟರಮ್ಮ ಕುಳಿ ತೊಳೆಯುತ್ತ, "ಅರಿಷಿಣ ತುರುಕಿದ ಶಾಣ್ಯಾ ಯಾರ್ರೀ?" ಎಂದು ಕೂಗಾಡಿದಳು. ನಿನ್ನ ಹೆಸರು ಹೇಳಲಿಲ್ಲ. ಹೇಳಬೇಕಿತ್ತು.

ನೀನೋ ಕಾಗದದಲ್ಲಿ, "ದೇವರ ಮ್ಯಾಲ ನಿನಗ ನಂಬಿಗಿ ಕಮ್ಮಿ, ಅದಕ್ಕ ಹಿಂಗಾತು" ಎಂದು ಬರೆದಿದ್ದೀ. ನಾಚಿಕೆ ಇಲ್ಲವೇನೋ ನಿನಗೆ? ಕೀವು ತುಂಬಿದ್ದು ನನ್ನ ಬಾಯಲ್ಲಿ, ಉಪದೇಶ ನಿನ್ನದು.

ಈಗ ಬಾವು ಇಳಿದಿದೆ, ಮೆತ್ತಗಿನ ರೊಟ್ಟಿ ನುಂಗುತ್ತೇನೆ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಬೀರಪ್ಪ ನಿನ್ನ ಮನೆ ತಣ್ಣಗಿಟ್ಟಿರಲಿ, ನಿನ್ನ ಬೆರಳು ಮಾತ್ರ ನಿನ್ನ ಹತ್ತಿರವೇ ಇರಲಿ.

ಇಂತಿ,
ಗಿರಿಮಲ್ಲಪ್ಪ

ತಾ.ಕ.: ರಬಕವಿಗೆ ನಾನು ಬಂದಿದ್ದೆ. ಗಲ್ಲಕ್ಕೆ ಟವೆಲ್ ಸುತ್ತಿಕೊಂಡು ಹೆಂಗಸರ ಹಿಂದೆ ನಿಂತಿದ್ದೆ. ನನ್ನ ಜಾಗದಲ್ಲಿ ನಿಂತು ನೀನು ಹಾಡಿದ್ದನ್ನು ಕೇಳಿದೆ. ತಪ್ಪು ಹುಡುಕಿದೆ, ಸಿಗಲಿಲ್ಲ. ಇಪ್ಪತ್ತೆರಡು ವರ್ಷ ಮುಂದೆ ನಿಂತು ಹಾಡಿದವನು ನಾನು. ಪದ ಮರೆತಾಗಲೆಲ್ಲ ಹಿಂದಿರುಗಿ, ಹಿಮ್ಮೇಳದಲ್ಲಿ ನಿಂತ ನಿನ್ನ ಮುಖ ನೋಡುತ್ತಿದ್ದೆ. ನೀನು ಅವತ್ತು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.