ನಾಳೆಯ ಪುಟ

ಕಾರಟಗಿ
ಗುರುವಾರ, ಸಂಜೆ ಆರೂವರೆ

ಮಾನ್ಯ ಮಾಲೀಕರಿಗೆ,

ಈಗಷ್ಟೇ ಪಾಳಿ ಮುಗಿಸಿ ಬಂದೆ. ಇವತ್ತು ಗಿರಣಿಗೆ ಭತ್ತದ ಲೋಡು ಹೆಚ್ಚು ಬಂದಿತ್ತು.

ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂದು ಅರ್ಧ ಗಂಟೆಗೊಮ್ಮೆ ಗಾಜಿನ ಕೊಳವೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಹನ್ನೊಂದು ವರ್ಷ ಶಬ್ಬೀರಸಾಬ ನೋಡಿ ಕೂಗುತ್ತಿದ್ದ, ನಾನು ಬರೆಯುತ್ತಿದ್ದೆ. "ನೀರು ಅರ್ಧ ಐತಿ. ಕಣ್ಣು ತೆರೆದು ಬರ್ಕೊಳ್ಳೋ ದೊರಿ" ಎಂದು ಚೇಷ್ಟೆ ಮಾಡುತ್ತಿದ್ದ. ಅವನು ಎದೆನೋವಿನಿಂದ ತೀರಿಕೊಂಡು ಎರಡು ತಿಂಗಳಾಯಿತು. ಅವನ ಜಾಗಕ್ಕೆ ಯಾರೂ ಬಂದಿಲ್ಲ, ಎರಡೂ ಕೆಲಸ ನನ್ನದೇ. ಮನೆಯಲ್ಲಿ ಮಲಗಿದರೆ ನೀರು ಇಳಿಯುತ್ತಿದೆ ಎನಿಸಿ ಎದ್ದು ಕೂರುತ್ತೇನೆ. ನಿದ್ದೆ ಬರುವುದು ಬಾಯ್ಲರಿನ ಮುಂದೆ ಮಾತ್ರ.

ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಅಲ್ಲಿಯೇ ಎಚ್ಚರವಾದಾಗ ಕೊಳವೆಯಲ್ಲಿ ನೀರೇ ಕಾಣಲಿಲ್ಲ. ಓಡಿಹೋಗಿ ಬೆಂಕಿ ನಿಲ್ಲಿಸಿದೆ. ಪುಸ್ತಕದಲ್ಲಿ ಎರಡರಿಂದ ನಾಲ್ಕರವರೆಗೆ ಪ್ರತಿ ಸಾಲಿನಲ್ಲೂ "ಅರ್ಧ" ಎಂದು ನನ್ನದೇ ಅಕ್ಷರ ಇತ್ತು. ಬರೆದದ್ದು ನೆನಪಿಲ್ಲ. ಮ್ಯಾನೇಜರಿಗೆ ಹೇಳಿದೆ. "ಪುಸ್ತಕದಾಗ ಎಲ್ಲಾ ಬರೋಬರಿ ಐತಲ್ಲೋ. ಒಂದು ಸಾಲೂ ಬಿಟ್ಟಿಲ್ಲ. ನೀ ಒಬ್ಬನ ಸಾಕು ಬಿಡು" ಎಂದು ಸಹಿ ಹಾಕಿದರು.

ದಯವಿಟ್ಟು ನೀರು ನೋಡಿ ಕೂಗುವುದಕ್ಕೆ ಒಬ್ಬರನ್ನು ಕೊಡಿರಿ. ಅಲ್ಲಿಯವರೆಗೆ ಬಾಯ್ಲರ್ ಹಚ್ಚಬೇಡಿರಿ. ನೀರು ಬತ್ತಿದರೆ ಬಾಯ್ಲರ್ ಸಿಡಿಯುತ್ತದೆ, ಅಕ್ಕಪಕ್ಕದಲ್ಲಿ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ.

ಇನ್ನೊಂದು ಮಾತು ಮ್ಯಾನೇಜರಿಗೆ ಹೇಳಿಲ್ಲ. ಪುಟ ತಿರುವಿದಾಗ ನಾಳೆಯ ಪುಟದಲ್ಲೂ ನನ್ನ ಅಕ್ಷರ ಇತ್ತು. ಬೆಳಿಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ "ಅರ್ಧ" ಎಂದು ಬರೆದಿದೆ. ಅಲ್ಲಿಂದ ಮುಂದೆ ಸಾಲುಗಳು ಖಾಲಿ ಇವೆ.

ನಾಳೆ ಬೆಳಿಗ್ಗೆ ಆರಕ್ಕೆ ನನ್ನದೇ ಪಾಳಿ.

ನಿಮ್ಮ ಗಿರಣಿಯ ಆಳು,
ಬಸವಂತಪ್ಪ