ಏಳನೇ ಕುಳಿಯ ಜೂಲಿಯಾ

ಮಾರ್ಚ್ 2, ಭಾನುವಾರ

ಗೆದ್ದೆ. ದಾಖಲಾಗಲಿ. ನಾಲ್ಕು ವರ್ಷಗಳ ಅಖಂಡ ಸೋಲಿನ ನಂತರ ಇಂದು ಬೆಳಗ್ಗೆ ಹನ್ನೊಂದಕ್ಕೆ, ಪಾರ್ಲರ್‌ನ ಹಿಂದಿನ ಕೋಣೆಯಲ್ಲಿ, ಮೂರು ಹೇರ್ ಡ್ರೈಯರ್‌ಗಳ ಸಾಕ್ಷಿಯಲ್ಲಿ ಸೋದರತ್ತೆಯನ್ನು ಸೋಲಿಸಿದೆ.

ಆಟದ ವಿಧಿ — ಇದನ್ನು ಯಾರೂ ಓದುವುದಿಲ್ಲ, ಆದರೂ ಚರಿತ್ರೆಗೆ ಅನ್ಯಾಯವಾಗಬಾರದು. ಅತ್ತೆಯ ಮರದ ಟ್ರೇ. ಹದಿನಾರು ಕುಳಿ, ಹದಿನಾರು ರೋಮನ್ ನಾಣ್ಯ. ಒಂದು ಬದಿ ರಾಣಿ, ಇನ್ನೊಂದು ಬದಿ ದೇವಿ. ಅತ್ತೆಯ ಕಣ್ಣಿಗೆ ಟವೆಲ್ ಕಟ್ಟುವುದು. ನಾನು ಎರಡು ನಾಣ್ಯಗಳನ್ನು ಅದಲುಬದಲು ಮಾಡುವುದು. ಅತ್ತೆ ಹೆಬ್ಬೆರಳಲ್ಲಿ ಒಂದೊಂದನ್ನೂ ಸವರಿ ಯಾವ ಎರಡು ಎಂದು ಹೇಳುವುದು. ಸೋತವರು ವಾರದ ಟವೆಲ್‌ಗಳನ್ನೆಲ್ಲ ಒಗೆದು ಮಡಿಸುವುದು.

ಮೂವತ್ತು ವರ್ಷ ಊರಿನವರ ತಲೆ ಬಾಚಿದ ಹೆಂಗಸು. ರಾಣಿಯರ ಮುಖ ನೋಡುವುದೇ ಇಲ್ಲ, ಕೂದಲು ನೋಡುತ್ತಾರೆ. ನೆತ್ತಿಯ ಮೇಲೆ ಜಡೆ ಸುತ್ತಿಟ್ಟಿದ್ದರೆ ದೊಡ್ಡ ಫೌಸ್ಟಿನಾ. ತುರುಬು ಹಿಂದಕ್ಕೆ ಜಾರಿದ್ದರೆ ಅವಳ ಮಗಳು, ಚಿಕ್ಕ ಫೌಸ್ಟಿನಾ. ಗರಿಗರಿ ಅಲೆ ಅಲೆ ಇದ್ದರೆ ಜೂಲಿಯಾ ಡೊಮ್ನಾ. ಇಂದು ತಾಯಿ ಮಗಳನ್ನು ಅದಲುಬದಲು ಮಾಡಿದ್ದೆ. ಅತಿ ಸುಲಭದ್ದು. ಅತ್ತೆ ಎರಡು ಸುತ್ತು ಸವರಿದರು.

“ಏನೂ ಮುಟ್ಟಿಲ್ಲ ನೀನು. ಮೋಸ ಮಾಡಕ್ಕೆ ನೋಡ್ತಿದ್ದೀಯ, ಕಪಿ.”

ಟವೆಲ್ ಬಿಚ್ಚಿ ತೋರಿಸಿದೆ. ಅತ್ತೆ ಹೋಗಿ ಟವೆಲ್ ನೆನೆಸಿದರು.

ವಿಜಯೋತ್ಸವ ಮಾಡಬೇಕಿತ್ತು. ಯಾಕೋ ಮಾಡಲಿಲ್ಲ. ಬೇಕಂತಲೇ ಸೋತರಾ? ನನ್ನ ಮೇಲೆ ಕರುಣೆಯಾ? ಅವಮಾನ!

ಮಾರ್ಚ್ 9, ಭಾನುವಾರ

ಕರುಣೆಯೋ ಅಲ್ಲವೋ ಪರೀಕ್ಷಿಸಲು ಘೋರ ಅಪರಾಧ ಎಸಗಿದೆ. ಏಳನೇ ಕುಳಿಯಿಂದ ಜೂಲಿಯಾ ಡೊಮ್ನಾಳನ್ನು ಪದಚ್ಯುತಗೊಳಿಸಿ, ನನ್ನ ಹಳೇ ಕೋಟಿನ ಹಿತ್ತಾಳೆ ಗುಂಡಿಗೆ ಪಟ್ಟಾಭಿಷೇಕ ಮಾಡಿದೆ. ಅತ್ತೆ ಮುಟ್ಟಿ, “ಯಾವನೇ ಇವನು ಗಂಡಸು ರಾಣಿ” ಎಂದು ತಲೆಗೆ ಮೊಟಕುತ್ತಾರೆ, ನಾನು ನಗುತ್ತೇನೆ — ಇದು ಯೋಜನೆ.

ಅತ್ತೆಯ ಹೆಬ್ಬೆರಳು ಒಂದು, ಎರಡು, ಮೂರು ದಾಟಿತು. ಏಳಕ್ಕೆ ಬಂತು. ನಿಂತಿತು. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

“ಬಾರಮ್ಮ ಜೂಲಿಯಾ,” ಎಂದರು. “ಇವಳ ತಲೆ ಮಾಡೋಕೆ ಎರಡು ಗಂಟೆ ಬೇಕಾಗಿರುತ್ತೆ ಕಣೇ. ರಾಣಿ ಹೆಸರು ಕೊರೆದಿದ್ದಾರೆ, ಹಿಂದೆ ದೇವಿ ಹೆಸರೂ ಕೊರೆದಿದ್ದಾರೆ. ಈ ಅಲೆ ಎಬ್ಬಿಸಿದವಳ ಹೆಸರು ಮಾತ್ರ ಎಲ್ಲೂ ಇಲ್ಲ ನೋಡು.”

ಪ್ರತಿ ಸಲ ಹೇಳುವ ಮಾತು. ಈ ಸಲ ಒಂದು ಗುಂಡಿಗೆ ಹೇಳಿದರು.

ಎಂಟಕ್ಕೆ ಹೋದರು. ಒಂಬತ್ತಕ್ಕೆ. ನಾನು ಮೆಲ್ಲಗೆ ಗುಂಡಿ ತೆಗೆದು ಜೂಲಿಯಾಳನ್ನು ಇಟ್ಟೆ. ಹದಿನಾರೂ ಸವರಿ “ಏನೂ ಬದಲಾಗಿಲ್ಲ” ಎಂದರು. “ಗೆದ್ದಿರಿ” ಎಂದೆ. ಟವೆಲ್ ನಾನೇ ಒಗೆದೆ. ಇಷ್ಟು ಸಪ್ಪೆ ತಮಾಷೆ ಜೀವಮಾನದಲ್ಲಿ ಮಾಡಿರಲಿಲ್ಲ.

ಮಾರ್ಚ್ 11, ಮಂಗಳವಾರ, ಮಧ್ಯಾಹ್ನ

ಪತ್ತೇದಾರಿ ವರದಿ. ಬೆಳಗ್ಗೆಯಿಂದ ಬಾಚಣಿಗೆ ಬಿದ್ದದ್ದು ಮೂರು ಸಲ. ಹೇರ್‌ಪಿನ್ ಡಬ್ಬಿಯೊಳಗೆ ಪಿನ್ ಹುಡುಕಿ ಸಿಗದೆ, ಡಬ್ಬಿಯನ್ನೇ ಕೈಮೇಲೆ ಸುರಿದುಕೊಂಡದ್ದು ಒಂದು ಸಲ. ಗಿರಾಕಿಗಳ ನಡುವೆ ಬಲಗೈ ಕೊಡವುವುದು — ಲೆಕ್ಕ ತಪ್ಪಿತು.

“ಅತ್ತೆ, ಕೈ ಜೋಮು ಹಿಡಿದಿದೆಯಾ?”

“ನಿನ್ನ ಬಾಯಿ ಯಾವಾಗ ಜೋಮು ಹಿಡಿಯುತ್ತೋ ಅಂತ ಕಾಯ್ತಿದ್ದೀನಿ.”

“ಡಾಕ್ಟರ್ ಹತ್ರ...”

“ಡಾಕ್ಟರ್ ಮೊದಲು ಹೇಳೋದೇ ಕತ್ತರಿ ಕೆಳಗಿಡಿ ಅಂತ. ಆಮೇಲೆ ನಾನು ಏನು ಹಿಡ್ಕೊಳ್ಳಲಿ, ನಿನ್ನ ಜುಟ್ಟಾ?”

ಅಪ್ಪನಿಗೆ ಹೇಳಿದೆ. ನಿಮ್ಮ ಅಕ್ಕನ ಕೈ ಸರಿಯಿಲ್ಲ, ನೀವಾದರೂ ಹೇಳಿ ಎಂದು. ಅಪ್ಪ ಪೇಪರ್ ಕೆಳಗಿಳಿಸಲೂ ಇಲ್ಲ. “ಹೋದ ತಿಂಗಳು ನನ್ನ ಶೂ ಚಿಕ್ಕದಾಗ್ತಿದೆ, ಕಾಲು ಬೆಳೀತಿದೆ ಅಂತ ನಂಬಿಸಿದ್ದು ಯಾರು?”

ಶೂ ಒಳಗೆ ದಿನಾ ಒಂದೊಂದು ಪದರ ಹತ್ತಿ ಇಟ್ಟವಳು ನಾನೇ. ಒಪ್ಪಿಕೊಳ್ಳುತ್ತೇನೆ. ಆದರೆ ಒಳ್ಳೆಯ ಕಲಾವಿದೆಗೆ ಸಿಗುವ ಮರ್ಯಾದೆ ಇದೇನಾ? ನಿಜ ಹೇಳಿದರೆ ನಗುತ್ತಾರೆ, ಸುಳ್ಳು ಹೇಳಿದರೆ ಚಪ್ಪಲಿ ಅಂಗಡಿಗೆ ಹೋಗುತ್ತಾರೆ.

ಮಾರ್ಚ್ 23, ಭಾನುವಾರ

ಇಂದು ನಾಣ್ಯ ಸಂಗ್ರಾಹಕರ ಕ್ಲಬ್ಬಿನ ಪ್ರದರ್ಶನ. ಲೈಬ್ರರಿಯ ಮೇಲಿನ ಹಾಲ್. ಅತ್ತೆಯದು ಪ್ರತಿ ವರ್ಷದ ಐಟಂ: ಕಣ್ಣು ಕಟ್ಟಿಕೊಂಡು ಆರು ರಾಣಿಯರನ್ನು ಗುರುತಿಸುವುದು. ಹೋಗಬೇಡಿ ಎಂದು ಹತ್ತು ದಿನ ಗೋಗರೆದೆ. ಟ್ರೇ ಬಚ್ಚಿಟ್ಟೆ. ಪತ್ತೆ ಹಚ್ಚಿದರು. ಕ್ಲಬ್ಬಿನ ಕಾರ್ಯದರ್ಶಿಯಾದ ಮೂಲೆಯಂಗಡಿಯ ವಾಚ್ ರಿಪೇರಿಯವರಿಗೆ ಫೋನ್ ಮಾಡಿ ಅತ್ತೆಗೆ ಜ್ವರ ಎಂದೆ. “ಏನಮ್ಮಾ, ಈಗಷ್ಟೇ ಅವರು ವಾಚಿಗೆ ಸೆಲ್ ಹಾಕಿಸ್ಕೊಂಡು ಹೋದ್ರಲ್ಲ!”

ಕೊನೆಯ ಉಪಾಯ: ನಾಣ್ಯ ನಾನೇ ಕೈಗೆ ಕೊಡುವುದು, ಕೊಡುವಾಗ ಕೆಮ್ಮಿ ಯಾರೆಂದು ಸುಳಿವು ಕೊಡುವುದು. ವಾಚ್ ರಿಪೇರಿಯವರು ಮೈಕಲ್ಲೇ ಹೇಳಿಬಿಟ್ಟರು: “ಈ ಮಗು ಕುರ್ಚೀಲಿ ಕೂರಲಿ. ಇವತ್ತು ಕೊಡೋದು ನಾನು.” ಸಭೆ ಚಪ್ಪಾಳೆ ತಟ್ಟಿತು. ನನ್ನ ಕೀರ್ತಿ ಅಷ್ಟು ದೂರ ಹಬ್ಬಿದೆ.

ಮೊದಲ ನಾಣ್ಯ ಅತ್ತೆಯ ಅಂಗೈಗೆ ಬಂತು. ಹೆಬ್ಬೆರಳು ಸವರಿತು. ಮತ್ತೆ ಸವರಿತು. ಯಾರೋ ಗಂಟಲು ಸರಿಮಾಡಿಕೊಂಡರು.

ಆಮೇಲೆ ಅತ್ತೆ ನಾಣ್ಯವನ್ನು ಎತ್ತಿ ತುಟಿಗೆ ಒತ್ತಿಕೊಂಡರು. ಮೆಲ್ಲಗೆ ಆ ಕಡೆ, ಈ ಕಡೆ ಆಡಿಸಿದರು.

“ಸಬೀನಾ. ಜಡೆ ಕೆಳಗಿಳಿದಿದೆ.”

ಸರಿ! ಎರಡನೆಯದೂ ತುಟಿಗೆ. ತಿರುಗಿಸಿ ದೇವಿಯನ್ನೂ ತುಟಿಯಲ್ಲೇ ಓದಿದರು — “ಕಾಲ ಹತ್ರ ನವಿಲಿದೆ, ಜೂನೋ.” ಆರಕ್ಕೆ ಆರು. ಸಭೆಗೆ ಅದು ಭಕ್ತಿಯಂತೆ ಕಂಡಿತು. ಮುಂದಿನ ಸಾಲಿನ ಟೀಚರ್ ಕಣ್ಣೊರೆಸಿಕೊಂಡರು. ವಾಚ್ ರಿಪೇರಿಯವರು ಒಬ್ಬರೇ ಕರವಸ್ತ್ರ ಹಿಡಿದು ನಾಣ್ಯಗಳ ಹಿಂದೆ ಓಡಿದರು. “ಅಕ್ಕಾವ್ರೆ, ಎಂಜಲು! ಸಾವಿರದೆಂಟುನೂರು ವರ್ಷದ ನಾಣ್ಯಕ್ಕೆ ಎಂಜಲು!”

ನಾನೂ ಚಪ್ಪಾಳೆ ಹೊಡೆದೆ. ಎಲ್ಲರಿಗಿಂತ ಜೋರಾಗಿ. ಆಮೇಲೆ ಮೆಟ್ಟಿಲಲ್ಲಿ ಕೂತಾಗ ಸಿಟ್ಟು ಬಂತು.

ಮಾರ್ಚ್ 24

“ನೋಡಿದ್ಯಾ? ಯಾವ ಡಾಕ್ಟರೂ ಬೇಡ.”

“ಗಿರಾಕಿಗಳ ಕೂದಲನ್ನೂ ತುಟೀಲೇ ಕತ್ತರಿಸ್ತೀರಾ?”

ಮಾತು ಬಿಟ್ಟಿದ್ದಾರೆ.

ಮಾರ್ಚ್ 27, ಗುರುವಾರ

ಅದೇ ಟೀಚರ್ ಇಂದು ಗಿರಾಕಿ. ಅತ್ತೆ ಕಿವಿಯ ಪಕ್ಕ ಟ್ರಿಮ್ ಮಾಡುವಾಗ ಎಡಗೈ ಬೆರಳು ಕಿವಿ ಮಡಚಿ ಹಿಡಿದಿತ್ತು, ಬಲಗೈಯ ಕತ್ತರಿ ಎಲ್ಲಿ ಮುಗಿಯುತ್ತದೆ ಎಂದು ಬಲಗೈಗೆ ತಿಳಿಯಲಿಲ್ಲ. ಟೀಚರ್ “ಸ್ಸ್” ಎಂದರು. ಕಿವಿಯ ಅಂಚಿನಲ್ಲಿ ಸಣ್ಣ ಗೆರೆ, ಒಂದು ಹನಿ ರಕ್ತ. ಅತ್ತೆ ಇನ್ನೂ ಕತ್ತರಿಸುತ್ತಲೇ ಇದ್ದರು. ನಾನು ಮಣಿಕಟ್ಟು ಹಿಡಿದು ನಿಲ್ಲಿಸಿದೆ.

“ಹೊಸ ಕತ್ತರಿ ನೋಡಿ,” ಎಂದರು ಅತ್ತೆ. ಐದು ವರ್ಷದ ಹಳೇ ಕತ್ತರಿ. ಟೀಚರ್ ಪಾಪ, “ಪರವಾಗಿಲ್ಲ ಬಿಡಿ” ಎಂದರು, ಆದರೆ ಉಳಿದ ಅರ್ಧ ತಲೆಯನ್ನು ನನ್ನ ಕಡೆ ತಿರುಗಿಸಿದರು.

ಅದು ಅತ್ತೆಗೆ ಕಂಡಿತು. ಕನ್ನಡಿಯಲ್ಲಿ ಎಲ್ಲ ಕಾಣುತ್ತದೆ.

ಮಾರ್ಚ್ 30, ಭಾನುವಾರ

ಟ್ರೇ ತಂದಿಟ್ಟೆ. “ಹೆಬ್ಬೆರಳು ಮಾತ್ರ. ತುಟಿ ನಿಷಿದ್ಧ. ಸೋತರೆ ಟವೆಲ್ ಬೇಡ, ಡಾಕ್ಟರ್.”

“ಗೆದ್ದರೆ?”

“ಇನ್ನು ಈ ವಿಷಯ ಎತ್ತಲ್ಲ. ಆಣೆ.”

“ನಿನ್ನ ಆಣೆಗೆ ಬೆಂಕಿ ಹಾಕ,” ಎಂದರು. ಆದರೂ ಕಣ್ಣು ಕಟ್ಟಿಸಿಕೊಂಡರು.

ಹಿಂದಿನಂತೆ ಟ್ರೇ ಮೇಲೆ ಕೈಯಾಡಿಸಿದೆ, ನಾಣ್ಯಗಳನ್ನು ಕುಟ್ಟಿಸಿ ಸದ್ದು ಮಾಡಿದೆ, ನನ್ನ ಕಳ್ಳ ನಗು ನಕ್ಕೆ. ಅದಲುಬದಲು ಮಾತ್ರ ಮಾಡಲಿಲ್ಲ. ಹದಿನಾರು ರಾಣಿಯರೂ ಅವರವರ ಸಿಂಹಾಸನದಲ್ಲೇ. ನನ್ನ ವೃತ್ತಿಜೀವನದ ಅತಿ ದೊಡ್ಡ ಕಿತಾಪತಿ — ಏನೂ ಮಾಡದೇ ಇರುವುದು.

ಅತ್ತೆ ಮೂರು ಸುತ್ತು ಸವರಿದರು. ಹಣೆಯ ಮೇಲೆ ಬೆವರು.

“ಮೂರು. ಮತ್ತೆ... ಹನ್ನೊಂದು.”

“ಏನೂ ಬದಲಾಯಿಸಿಲ್ಲ ಅತ್ತೆ.”

ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಮೂರು ವಾರದ ಹಿಂದಿನ ಗುಂಡಿಯ ಕಥೆಯನ್ನೂ ಹೇಳಿದೆ. ಜೇಬಿನಿಂದ ತೆಗೆದು ಅವರ ಅಂಗೈಯಲ್ಲಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಬೈಯಬೇಕು ಎಂದು ಕಾದೆ.

ಟವೆಲ್ ಬಿಚ್ಚಲಿಲ್ಲ. ಹೆಬ್ಬೆರಳಲ್ಲಿ ಗುಂಡಿಯನ್ನು ಉಜ್ಜಿದರು.

“ಎಷ್ಟು ತೂತಿದೆ ಇದಕ್ಕೆ?”

“ನಾಲ್ಕು.”

“ಒಂದೂ ಗೊತ್ತಾಗ್ತಿಲ್ಲ ಕಣೇ,” ಎಂದರು. ಸಣ್ಣ ದನಿ. ಆ ದನಿ ಅವರದಲ್ಲ. “ಇದೇ ಗುಂಡಿ ತಲೆಗೆ ಎರಡು ಗಂಟೆ ಬೇಕು ಅಂದ್ನಲ್ಲೇ.”

ಗುಂಡಿ ವಾಪಸ್ ಕೊಡಲಿಲ್ಲ.

ಏಪ್ರಿಲ್ 2

ಡಾಕ್ಟರ್ ಚುರುಕು. ಮಣಿಕಟ್ಟು ಮಡಚಿಸಿ, ಬಡಿದು, ಸೂಜಿ ಚುಚ್ಚಿ ಮಷೀನ್ ಓಡಿಸಿದರು. ಮಣಿಕಟ್ಟಿನೊಳಗೆ ನರ ಅದುಮಿಕೊಂಡಿದೆ, ವರ್ಷಗಟ್ಟಲೆ ಕತ್ತರಿ ಆಡಿಸಿದ್ದಕ್ಕೆ. ಚಿಕ್ಕ ಆಪರೇಷನ್, ಅರ್ಧ ಗಂಟೆ, ಅಂದೇ ಮನೆಗೆ.

“ಬೆರಳಿಗೆ ಗೊತ್ತಾಗೋದು ವಾಪಸ್ ಬರುತ್ತಾ?” ಅತ್ತೆ ಕೇಳಿದರು.

“ಬರಬಹುದು. ತುಂಬ ತಡ ಮಾಡಿದ್ದೀರ. ಪೂರ್ತಿ ಬರುತ್ತೆ ಅಂತ ಮಾತು ಕೊಡಲಾರೆ.”

ಆಟೋದಲ್ಲಿ ಅತ್ತೆ ನನ್ನ ಕಡೆ ನೋಡಲಿಲ್ಲ. ಮಾರ್ಚ್ ಎರಡರ ಗೆಲುವನ್ನು ಇಲ್ಲಿ ದಾಖಲಿಸುವ ಬದಲು ಆವತ್ತೇ ಕೇಳಿದ್ದರೆ ನಾಲ್ಕು ವಾರ ಉಳಿಯುತ್ತಿತ್ತು. ಎರಡನೇ ಭಾನುವಾರ ಗುಂಡಿ ಮುಚ್ಚಿಟ್ಟುಕೊಂಡು “ಗೆದ್ದಿರಿ” ಎಂದವಳೂ ನಾನೇ.

ಏಪ್ರಿಲ್ 10, ಗುರುವಾರ, ಬೆಳಗ್ಗೆ 10.40

ಆಸ್ಪತ್ರೆಯ ಬೆಂಚು. ಹತ್ತಕ್ಕೇ ಒಳಗೆ ಕರೆದರು. ಅರ್ಧ ಗಂಟೆ ಅಂದಿದ್ದರು. ನಲವತ್ತು ನಿಮಿಷ ಆಯಿತು. ಕೌಂಟರಿನ ಸಿಸ್ಟರ್‌ಗೆ ಐದು ಸಲ ಕೇಳಿದೆ. ಆರನೇ ಸಲ, “ನೀವು ಕೂತ್ಕೊಂಡ್ರೆ ಬೇಗ ಮುಗಿಯುತ್ತೆ” ಎಂದರು. ಕೂತರೂ ಮುಗಿಯಲಿಲ್ಲ.

ಒಳಗೆ ಹೋಗುವ ಮುಂಚೆ ಅತ್ತೆ ಎಡಗೈಯಿಂದ ಒಂದು ಬಟ್ಟೆಯ ಚೀಲ ಕೊಟ್ಟರು. ಬಾಯಿಗೆ ದಾರ ಬಿಗಿದದ್ದು, ಒಳಗೆ ಒಂದೇ ಒಂದು.

“ನೋಡದೆ ಹೇಳು, ಯಾರು ಅಂತ. ನಾನು ಬರೋಷ್ಟರಲ್ಲಿ. ನೋಡಿದ್ರೆ ವರ್ಷ ಪೂರ್ತಿ ಟವೆಲ್ ನಿಂದೇ.”

ಸ್ಟ್ರೆಚರ್ ಒಳಕ್ಕೆ ಸರಿಯಿತು. ಅವರ ತುಟಿ ನಡುಗುತ್ತಿತ್ತು.

ನನಗೆ ಗೊತ್ತು ಯಾರೆಂದು. ಚಿಕ್ಕ ಫೌಸ್ಟಿನಾ. ಬೆನ್ನ ಬದಿಯಲ್ಲಿ ಆರೋಗ್ಯದ ದೇವಿ ಸಾಲುಸ್, ಬಟ್ಟಲಿಂದ ಹಾವಿಗೆ ಉಣಿಸುತ್ತ ಕೂತಿರುವವಳು. ಇಂಥ ದಿನ ಬೇರೆ ಯಾರನ್ನು ಕೊಡುತ್ತಾರೆ? ಕಣ್ಣು ತುಂಬಿ ಬಂತು, ಸಿಸ್ಟರ್ ನೋಡಿದರು, ಧೂಳು ಎಂದೆ.

10.52. ಬಾಗಿಲು ಇನ್ನೂ ಮುಚ್ಚಿದೆ. ಸರಿ, ಶಾಸ್ತ್ರಕ್ಕಾದರೂ ಮುಟ್ಟೋಣ. ಎಡಗೈ ಚೀಲದೊಳಗೆ, ಬಲಗೈಯಲ್ಲಿ ಪೆನ್ನು. ಹಿಂದಕ್ಕೆ ಜಾರಿದ ತುರುಬು ಎಲ್ಲಿ... ಸಿಗುತ್ತಿಲ್ಲ. ಅಂಚು ವಿಪರೀತ ಸಮ. ರೋಮ್‌ನವರು ಇಷ್ಟು ದುಂಡಗೆ ಮಾಡುತ್ತಿರಲಿಲ್ಲ. ತಿರುಗಿಸಿದೆ. ಹಾವೂ ಇಲ್ಲ. ಹಾವಿನ ಜಾಗದಲ್ಲಿ ಒಂದು ತಗ್ಗು. ಉಗುರು ಒಳಗೆ ಹೋಗುತ್ತಿದೆ. ಪಕ್ಕದಲ್ಲಿ ಇನ್ನೊಂದು. ಅದರ ಕೆಳಗೆ ಮೂರನೆಯದು. ಅತ್ತೆ...! ನಾಲ್ಕ—